ಚಾರ್ಮಾಡಿ ಇಳಿಜಾರಿನಲ್ಲಿ ಉಸಿರು ಬಿಟ್ಟ ಎಂಜಿನ್

ಗೇರ್ ಇಳಿಸಲು ಕ್ಲಚ್ ಒತ್ತಿದ್ದೇ ತಡ, ಎಂಜಿನ್ ನಿಂತಿತು. ಡ್ಯಾಶ್‌ಬೋರ್ಡಿನ ಕೆಂಪು ದೀಪಗಳೆಲ್ಲ ಒಟ್ಟಿಗೇ ಹೊತ್ತಿಕೊಂಡವು. ಮುಂದೆ ಹೇರ್‌ಪಿನ್ ತಿರುವು, ತಿರುವಿನಾಚೆ ಮಂಜು, ಮಂಜಿನಾಚೆ ಏನೂ ಇಲ್ಲ. ಚಾರ್ಮಾಡಿ ಘಾಟಿ, ಆಷಾಢದ ಜಡಿಮಳೆ, ನಡುರಾತ್ರಿ ಹತ್ತಿರವಾದ ಹೊತ್ತು.

"ಬ್ರೇಕು ಕಲ್ಲಾಗಿದೆ ಮಾರಾಯ!"

ಚಿಕ್ಕಪ್ಪ ಮೈಭಾರವನ್ನೆಲ್ಲ ಪೆಡಲಿನ ಮೇಲೆ ಹಾಕಿದ್ದರು. ಸ್ಟೇರಿಂಗೂ ಬಿಗಿದುಕೊಂಡಿತ್ತು. ಕಾರು ಮಾತ್ರ ಇಳಿಯುತ್ತಲೇ ಇತ್ತು. ಗಾಬರಿಯಲ್ಲಿ ಅವರ ಕೈ ಕೀ ಕಡೆಗೆ ಹೋಯಿತು.

"ಕೀ ಮುಟ್ಟಬೇಡಿ ಚಿಕ್ಕಪ್ಪ! ಫಸ್ಟಿಗೆ ಹಾಕಿ!"

ಓಡುವ ಕಾರಿನಲ್ಲಿ ಕೀ ಎಳೆದರೆ ಸ್ಟೇರಿಂಗ್ ಲಾಕ್ ಆಗುತ್ತದೆ. ಆಮೇಲೆ ದಾರಿ ಎಲ್ಲಿಗೆ ತಿರುಗಿದರೇನು, ನಾವು ನೇರ ಕಣಿವೆಗೆ. ಅವರು ಗೇರ್ ತಳ್ಳಿ ಕ್ಲಚ್ ಬಿಟ್ಟರು. ಇಡೀ ಗಾಡಿ ಒದರಿಕೊಂಡಿತು. ಸತ್ತ ಎಂಜಿನ್ನೇ ಚಕ್ರಗಳನ್ನು ಹಿಡಿದು ಜಗ್ಗಿತು. ನಾನು ಹ್ಯಾಂಡ್‌ಬ್ರೇಕನ್ನು ಕಟಕಟನೆ ಒಂದೊಂದೇ ಹಲ್ಲು ಏರಿಸಿದೆ. ಗುಡ್ಡದ ಕಡೆಯ ಚರಂಡಿಗೆ ಒಂದು ಚಕ್ರ ಇಳಿಸಿ, ವಾಲಿಕೊಂಡು, ಕಾರು ನಿಂತಿತು.

"ಎಂಥದಾ ಅದು? ಉಜಿರೆ ಬಂತಾ?" ಹಿಂದಿನ ಸೀಟಿನಿಂದ ಅಜ್ಜಿ.

ಬಂದಿರಲಿಲ್ಲ. ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಮೇಲಿನಿಂದ ಮಣ್ಣಿನ ಜೊತೆ ಸಣ್ಣ ಕಲ್ಲುಗಳು ಉದುರುತ್ತಿದ್ದವು. 2019ರ ಆಗಸ್ಟ್‌ನಲ್ಲಿ ಇದೇ ಘಾಟಿಯ ಗುಡ್ಡಗಳು ಕುಸಿದು ರಸ್ತೆ ಮುಚ್ಚಿದ್ದು ನಮ್ಮ ಕಡೆಯ ಯಾರಿಗೆ ಮರೆತೀತು? ಹೊರಗೆ ಹಾರಿ ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟೆ. ಅಷ್ಟರಲ್ಲಿ ಮೇಲಿನ ತಿರುವಿನಲ್ಲಿ ಬಸ್ಸಿನ ಹಾರ್ನ್. ಟಾರ್ಚ್ ಬೀಸುತ್ತ ಏರು ಹತ್ತಿ ಓಡಿದೆ. ಬಸ್ಸು ಒಂದು ಗೇಣು ಬಿಟ್ಟು, ನನ್ನ ಮೇಲೆ ಕೆಸರು ಎರಚಿ ಇಳಿದುಹೋಯಿತು. ಮುಂದಿನ ಡ್ರೈವರ್‌ಗೂ ಟಾರ್ಚ್ ಕಾಣುತ್ತದೆಂಬ ಭರವಸೆ ಏನು? ಅಲ್ಲಿಂದ ಹೊರಡಲೇಬೇಕಿತ್ತು, ಅದೂ ಬ್ರೇಕಿನ ಸಮೇತ.

ಘಾಟಿಯ ಮೇಲಿನ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಟಾಗಲೇ ಕಾರು ಸೂಚನೆ ಕೊಟ್ಟಿತ್ತು. ಕೀ ತಿರುಗಿಸಿದರೆ ಶುರುವಾಗುತ್ತಿತ್ತು, ಎರಡು ಉಸಿರು ಎಳೆದು ನಿಲ್ಲುತ್ತಿತ್ತು. "ಥಂಡಿ ಹಿಡಿದಿದೆ ಅಷ್ಟೆ" ಎಂದು ಚಿಕ್ಕಪ್ಪ ಆಕ್ಸಿಲರೇಟರ್ ಒತ್ತಿ ಹೊರಡಿಸಿದ್ದರು. ಮಲೆನಾಡಿನಲ್ಲಿ ಎಲ್ಲ ಕಾಯಿಲೆಗೂ ಥಂಡಿಯೇ ಕಾರಣ.

ಪೆಟ್ರೋಲ್ ಎಂಜಿನ್ನಿಗೆ ಬೇಕಾದ್ದು ಗಾಳಿ, ಪೆಟ್ರೋಲ್, ಕಿಡಿ. ಶುರುವಾಗುತ್ತದೆಯೆಂದರೆ ಮೂರೂ ಒಂದು ಗಳಿಗೆ ಸೇರುತ್ತಿವೆ. ಹಾಗಾದರೆ ಕೈಕೊಡುತ್ತಿರುವುದು ಯಾವುದು?

ಮೊದಲು ಕಳ್ಳತನ ತಡೆಯುವ ಇಮೊಬಿಲೈಜರ್. ಕೀಯನ್ನು ಗುರುತಿಸದಿದ್ದರೆ ಅದು ಎಂಜಿನ್ನನ್ನು ಒಂದೆರಡು ಸೆಕೆಂಡು ಓಡಗೊಟ್ಟು ಕತ್ತು ಹಿಚುಕುವುದುಂಟು. ಆದರೆ ಕೀ ಗುರುತಿನ ದೀಪ ಮಿನುಗಲಿಲ್ಲ, ಅದಲ್ಲ. ಕೀ ಆನ್ ಮಾಡಿಸಿ, ಅಜ್ಜಿಯ ಪಕ್ಕ ಸೀಟಿಗೆ ಕಿವಿಯೊತ್ತಿದೆ. ಮಳೆಯ ಆರ್ಭಟದ ನಡುವೆಯೂ ಟ್ಯಾಂಕಿನ ಪಂಪು ಗುಂಯ್ ಎಂದು ಎರಡು ಸೆಕೆಂಡು ಹಾಡಿ ಸುಮ್ಮನಾಯಿತು. ಪಂಪಿಗೆ ಜೀವವಿದೆ.

"ಸ್ಟಾರ್ಟ್ ಮಾಡಿ."

ಎಂಜಿನ್ ಎದ್ದಿತು, ಕೆಮ್ಮಿತು, ಆರ್‌ಪಿಎಂ ಮುಳ್ಳು ನಡುಗುತ್ತ ನಡುಗುತ್ತ ಕುಸಿಯಿತು. ಕಿಡಿಯೋ, ಕ್ರ್ಯಾಂಕ್ ಸೆನ್ಸರೋ ಕೈಕೊಟ್ಟಿದ್ದರೆ ಸ್ವಿಚ್ ಆರಿಸಿದಂತೆ ಫಕ್ಕನೆ ಸಾಯಬೇಕಿತ್ತು. ಇದು ಉಸಿರುಗಟ್ಟಿ ಸಾಯುತ್ತಿತ್ತು.

"ಈಗ ಆಕ್ಸಿಲರೇಟರ್ ಬಿಡಬೇಡಿ."

ಈ ಸಲ ಬದುಕಿತು! ಕಾಲು ಒತ್ತಿದಷ್ಟು ಹೊತ್ತೂ ಗುಡುಗಿತು, ಬಿಟ್ಟೊಡನೆ ಸತ್ತಿತು. ಅಂದರೆ ಪೆಟ್ರೋಲ್ ಸಾಕಷ್ಟು ಬರುತ್ತಿದೆ, ಕಿಡಿಯೂ ಇದೆ. ತಕರಾರು ಗಾಳಿಯದು. ಥ್ರಾಟಲ್‌ನಲ್ಲಿ ಮಸಿ ಕಟ್ಟಿದೆಯೇ? ಐಡಲ್ ವಾಲ್ವ್ ಅಂಟಿಕೊಂಡಿದೆಯೇ? ಇರಬಹುದಿತ್ತು. ಆದರೆ ಎಂಜಿನ್ ಗುಡುಗುತ್ತಿದ್ದಾಗಲೇ ಚಿಕ್ಕಪ್ಪ ಕೂಗಿದ ಮಾತು ಎಲ್ಲವನ್ನೂ ತಿರುವಿಹಾಕಿತು:

"ಈಗಲೂ ಬ್ರೇಕ್ ಒತ್ತಲಿಕ್ಕಾಗುವುದಿಲ್ಲ ಮಾರಾಯ!"

ಎಂಜಿನ್ ನಿಂತಾಗ ಬ್ರೇಕ್ ಕಲ್ಲಾಗುವುದು ಸಹಜ, ಓಡುವಾಗ ಆಗಕೂಡದು. ಎರಡು ರೋಗವಲ್ಲ ಇದು, ಒಂದೇ!

ನಮ್ಮ ಕಾಲಿನ ಒತ್ತಡವನ್ನು ಹಿಗ್ಗಿಸಿ ಚಕ್ರಕ್ಕೆ ಮುಟ್ಟಿಸುವುದು ಬ್ರೇಕ್ ಬೂಸ್ಟರ್. ಅದಕ್ಕೆ ಬಲ ಎಂಜಿನ್ನಿನ ಹೀರುವಿಕೆಯದು. ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ಒಂದು ದಪ್ಪ ರಬ್ಬರ್ ಹೋಸ್ ಬೂಸ್ಟರಿಗೆ ಹೋಗಿರುತ್ತದೆ. ಅದು ಬಿರಿದರೆ ಬೂಸ್ಟರಿಗೆ ಬಲವಿಲ್ಲ. ಜೊತೆಗೆ, ಬಿರುಕಿನಿಂದ ನುಗ್ಗುವ ಗಾಳಿ ಹಿತ್ತಿಲ ಬಾಗಿಲಿನಿಂದ ಬಂದ ನೆಂಟ: ಏರ್ ಫಿಲ್ಟರ್ ಪಕ್ಕದ ಸೆನ್ಸರ್ ಅದನ್ನು ಎಣಿಸಿರುವುದಿಲ್ಲ. ಎಣಿಸಿದ ಗಾಳಿಗಷ್ಟೇ ಕಂಪ್ಯೂಟರ್ ಪೆಟ್ರೋಲ್ ಕೊಡುತ್ತದೆ. ಮಿಶ್ರಣ ತೆಳ್ಳಗಾಗಿ ಐಡಲ್‌ನಲ್ಲಿ ಎಂಜಿನ್ ನಿಲ್ಲುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಎಣಿಸಿದ ಗಾಳಿಯೇ ಹೆಚ್ಚಾಗಿ, ಕಳ್ಳಗಾಳಿಯ ಪಾಲು ಸಣ್ಣದಾಗುವುದರಿಂದ ಬದುಕುತ್ತದೆ.

ಬಾನೆಟ್ ಎತ್ತಿದೆ. ಕೊಡೆ ಹಾರಿಹೋಯಿತು, ಹೋಗಲಿ. ತಿರುಗುವ ಬೆಲ್ಟಿನಿಂದ ತೋಳು ದೂರವಿಟ್ಟು ಹೋಸಿನುದ್ದಕ್ಕೂ ಟಾರ್ಚ್ ಹಾಯಿಸಿದೆ. ಮ್ಯಾನಿಫೋಲ್ಡಿನ ತುದಿಯಲ್ಲಿ ಸುಸ್ಸ್! ಕ್ಲಿಪ್ಪಿನ ಬುಡದಲ್ಲೇ ರಬ್ಬರ್ ಬಾಯಿಬಿಟ್ಟಿತ್ತು. ಬಿರುಕಿಗೆ ಹೆಬ್ಬೆರಳೊತ್ತಿ ಕೂಗಿದೆ:

"ಕಾಲು ತೆಗೀರಿ!"

ಎಂಜಿನ್ ನಿಲ್ಲಲಿಲ್ಲ. ಒಂದೇ ಹದದಲ್ಲಿ ಗುನುಗತೊಡಗಿತು.

ಎಂಜಿನ್ ಆರಿಸಿ ಹೋಸ್ ಎಳೆದೆ. ಕತ್ತರಿಸಲು ಚಾಕುವಿಲ್ಲ, ಬ್ಲೇಡಿಲ್ಲ. ಮೇಲೆ ಎಲ್ಲೋ ಬಂಡೆಯೊಂದು ಕಳಚಿ ಕಾಡಿನೊಳಗೆ ಧಡಧಡ ಉರುಳಿತು. ಅಜ್ಜಿ ಸಾವಕಾಶವಾಗಿ ಎಲೆಯಡಿಕೆ ಸಂಚಿ ಬಿಚ್ಚಿ ಅಡಕತ್ತರಿ ಕೊಟ್ಟಳು. ಒಣ ಗೋಟಡಿಕೆ ಸೀಳುವ ಅಲಗಿಗೆ ರಬ್ಬರ್ ಯಾವ ಲೆಕ್ಕ? ಬಿರಿದ ತುದಿಯನ್ನು ಕಚ್ಚಕ್ಕನೆ ತುಂಡರಿಸಿ, ಉಳಿದದ್ದನ್ನು ಒತ್ತಿ ಕೂರಿಸಿ, ಕ್ಲಿಪ್ ಬಿಗಿದೆ. ಪುಣ್ಯಕ್ಕೆ ಉದ್ದ ಸಾಕಾಯಿತು. ಸ್ಟಾರ್ಟ್ ಆಯಿತು, ನಿಲ್ಲಲಿಲ್ಲ. ಚಿಕ್ಕಪ್ಪ ಬ್ರೇಕ್ ಒತ್ತಿದರು. ಪೆಡಲ್ ಮೆತ್ತಗೆ ಇಳಿಯಿತು. ಚಕ್ರದ ಕಲ್ಲು ತೆಗೆದು, ಫಸ್ಟ್ ಗೇರಿನಲ್ಲೇ ಕೊನೆಯ ತಿರುವಿನ ತನಕ ಇಳಿದೆವು. ಮರುದಿನ ಉಜಿರೆಯ ಗ್ಯಾರೇಜಿನಲ್ಲಿ ಹೊಸ ಹೋಸ್ ಹಾಕಿಸಿದೆವು. ಚಿಕ್ಕಪ್ಪ ಮಾತ್ರ ಇಂದಿಗೂ ಥಂಡಿಯೇ ಎನ್ನುತ್ತಾರೆ.

ಘಾಟಿ ಇಳಿಯುವವರು ಹೊರಡುವ ಮುನ್ನ ಇಷ್ಟು ಮಾಡಿ: ಎಂಜಿನ್ ಆಫ್ ಇರುವಾಗ ಬ್ರೇಕ್ ಪೆಡಲನ್ನು ಗಟ್ಟಿಯಾಗುವ ತನಕ ನಾಲ್ಕೈದು ಸಲ ಒತ್ತಿ. ಕೊನೆಯ ಒತ್ತನ್ನು ಬಿಡದೆ ಸ್ಟಾರ್ಟ್ ಮಾಡಿ. ಪೆಡಲ್ ಕಾಲಡಿಯಲ್ಲಿ ತುಸು ಕೆಳಗೆ ಜಾರಬೇಕು. ಜಾರದಿದ್ದರೆ ಮೆಕ್ಯಾನಿಕ್ ಬರುವ ತನಕ ಕೊಟ್ಟಿಗೆಹಾರದಲ್ಲೇ ಇನ್ನೊಂದು ಪ್ಲೇಟ್ ನೀರುದೋಸೆ ಹೇಳಿ.