ಪೆಟ್ಟಿಗೆಯ ತಳದ ಕಾಗದ

ನಮ್ಮ ಮಡಿಕೇರಿಯಲ್ಲಿ ನಿವೃತ್ತ ಸೈನಿಕನಿಗೆ ಹೆಸರಿಗಿಂತ ಮೊದಲು ಹುದ್ದೆ ಬರುತ್ತದೆ. ಕಾರ್ಯಪ್ಪ, ತಿಮ್ಮಯ್ಯನವರಂಥ ದಂಡನಾಯಕರು ಹುಟ್ಟಿದ ನಾಡಲ್ಲವೆ? ಸುಬೇದಾರರು ಕರಿಮೆಣಸಿನ ಧಾರಣೆ ವಿಚಾರಿಸುತ್ತಾರೆ. ಹವಾಲ್ದಾರರು ಹಾಲಿನ ಅಂಗಡಿಯ ಮುಂದೆ ನಿಂತಿರುತ್ತಾರೆ. ಆದರೆ ನಮ್ಮ ನೆರೆಮನೆಯ ಹಿರಿಯರನ್ನು ಹುದ್ದೆ ಹಿಡಿದು ಕರೆದವರಿಲ್ಲ. "ಬೆನ್ನುನೋವೆಂದು ಬೇಗ ಬಂದುಬಿಟ್ಟರು" ಎಂದಷ್ಟೇ ಮನೆಯವರ ಮಾತು. ಪುತ್ತರಿಯ ರಾತ್ರಿ ಕದಿರು ಕೊಯ್ಯುವ ಹೊತ್ತಿಗೆ ಕೋವಿಯ ಸದ್ದು ಕೇಳಿತೆಂದರೆ ಅವರು ಒಳಕೋಣೆಯ ಕದವಿಕ್ಕಿಕೊಳ್ಳುತ್ತಿದ್ದರು.

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ತಿಂಗಳು ಕಳೆದ ಮೇಲೆ ಅವರ ಪತ್ನಿ ಬಂದು, ಮಡಿಕೆ ಸವೆದ ಇಂಗ್ಲಿಷ್ ಕಾಗದವೊಂದನ್ನು ನನ್ನ ಕೈಗಿತ್ತರು. ಟ್ರಂಕಿನ ತಳದಲ್ಲಿ, ಸಮವಸ್ತ್ರದ ಅಡಿಯಲ್ಲಿತ್ತಂತೆ.

"ಏನು ಬರೆದಿದೆ, ಓದಿ ಹೇಳಿ ಮೇಷ್ಟ್ರೇ."

ರೋಗದ ಹೆಸರು ನ್ಯೂರೋಸಿಸ್. ಸೇವೆಗೆ ಅನರ್ಹರೆಂದು ವೈದ್ಯ ಮಂಡಲಿಯ ನಿರ್ಣಯ. ಕೊನೆಯಲ್ಲಿ, ರೋಗವು ಸೇವೆಯಿಂದ ಉಂಟಾದುದಲ್ಲ, ಸೇವೆಯಿಂದ ಉಲ್ಬಣಿಸಿದುದೂ ಅಲ್ಲ ಎಂಬ ಒಂದು ಸಾಲು. ಏಕೆಂಬುದಕ್ಕೆ ಒಂದಕ್ಷರವಿಲ್ಲ. ಕನ್ನಡ ಎಂ.ಎ. ಓದಿದ ನನಗೆ ಆ ಕ್ಷಣದಲ್ಲಿ ಮಾತೇ ಹೊರಡಲಿಲ್ಲ. ಬೆನ್ನುನೋವೆಂದೇ ಓದಿಬಿಡಲೆ? ಕಡೆಗೆ ಇದ್ದುದನ್ನು ಇದ್ದಂತೆ ಹೇಳಿದೆ.

"ಗೊತ್ತಿತ್ತು. ಬೆನ್ನುನೋವೆಂದು ಊರಿಗೆಲ್ಲ ಹೇಳಿದವಳು ನಾನೇ. ಹೆಣ್ಣುಮಕ್ಕಳ ಮದುವೆಯಾಗಬೇಕಿತ್ತಲ್ಲ" ಎಂದರು ಆಕೆ.

ಬಲ್ಲವರನ್ನು ಕೇಳಿ ಕೆಲವು ಸಂಗತಿ ತಿಳಿದುಕೊಂಡೆ. ಸೇನೆ ತನ್ನವರ ಆರೋಗ್ಯವನ್ನು 'ಶೇಪ್' ಎಂಬ ಐದು ಇಂಗ್ಲಿಷ್ ಅಕ್ಷರಗಳಲ್ಲಿ ಅಳೆಯುತ್ತದೆ. ಮೊದಲನೆಯ ಅಕ್ಷರವೇ ಮನಸ್ಸಿನದು. ರೋಗದಿಂದ ಬಿಡುಗಡೆ ಹೊಂದಿದವನಿಗೆ ಅಂಗವೈಕಲ್ಯ ಪಿಂಚಣಿ ಸಲ್ಲಬೇಕಾದರೆ ರೋಗಕ್ಕೆ ಸೇವೆಯ ನಂಟಿರಬೇಕು. ವೈಕಲ್ಯ ಶೇಕಡಾ 20ಕ್ಕೆ ಕಡಿಮೆಯಿರಬಾರದು. ಸೇರುವಾಗ ದಾಖಲಾಗದಿದ್ದ ರೋಗ ಸೇವೆಯಿಂದಲೇ ಬಂದುದೆಂದು ಭಾವಿಸಬೇಕು, ಅಲ್ಲವೆಂದು ಸಾಧಿಸುವ ಹೊಣೆ ಸರ್ಕಾರದ್ದು ಎಂದು ಸುಪ್ರೀಂ ಕೋರ್ಟು 2013ರಲ್ಲಿ ಮೂರ್ಛೆರೋಗದ ಸೈನಿಕನೊಬ್ಬನ ಮೊಕದ್ದಮೆಯಲ್ಲಿ ಹೇಳಿತು. ಮನೋರೋಗ ಸೇರುವಾಗಿನ ತಪಾಸಣೆಗೆ ಸಿಕ್ಕದೆಯೂ ಇರಬಹುದೆಂದು 2019ರಲ್ಲಿ ಸ್ಕಿಜೋಫ್ರೇನಿಯ ಪೀಡಿತನೊಬ್ಬನಿಗೆ ಪಿಂಚಣಿ ನಿರಾಕರಿಸಿತು. 2025ರಲ್ಲಿ ಅಂಥದೇ ಇನ್ನೊಂದು ಮೊಕದ್ದಮೆಯಲ್ಲಿ, ಕಾರಣ ಕೊಡದ ವೈದ್ಯ ಮಂಡಲಿಯ ಅಭಿಪ್ರಾಯ ನಿಲ್ಲದೆಂದು ಸೈನಿಕನ ಪರ ತೀರ್ಪಿತ್ತಿತು. ಆ ಒಂಟಿ ಸಾಲು ನನ್ನ ಕಣ್ಮುಂದೆ ಬಂತು. ಇಂಥ ದೂರುಗಳಿಗೆಂದೇ ಇರುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಪೀಠವೊಂದು ಕೊಚ್ಚಿಯಲ್ಲಿಯೂ ಇದೆ.

ನೀಲಗಿರಿಯ ತೋಡರನ್ನು ಕುರಿತು 1906ರಲ್ಲಿ ಗ್ರಂಥ ಪ್ರಕಟಿಸಿದ ಡಾಕ್ಟರ್ ರಿವರ್ಸರು ಮುಂದೆ ಮೊದಲ ಮಹಾಯುದ್ಧದಲ್ಲಿ ಮನಸ್ಸು ನೊಂದ ಸೇನಾಧಿಕಾರಿಗಳಿಗೆ ಚಿಕಿತ್ಸೆ ಮಾಡಿದರು. ಕಂಡ ಭೀಕರವನ್ನು ಒಳಗೇ ಅದುಮಿಡುವುದು ಕೇಡೆಂಬುದು ಅವರ ಮತ. ನಮ್ಮ ಬೀದಿಯಲ್ಲಿ ಒಂದು ಮನೆಯೇ ನಲವತ್ತು ವರ್ಷ ಅದುಮಿಟ್ಟುಕೊಂಡಿತ್ತು. ಗೋಡೆಯಾಚೆ ಇದ್ದ ನಾನು ಬೆನ್ನುನೋವಿಗೆ ಎಣ್ಣೆ ಸೂಚಿಸುತ್ತಿದ್ದೆ!

ಮೊನ್ನೆ ಮನವಿ ಬರೆಯಲು ಕುಳಿತೆವು. ಫಲ ದೊರೆಯುವುದೋ ಇಲ್ಲವೋ, ನಾನು ಭರವಸೆ ಕೊಡಲಿಲ್ಲ. ರೋಗದ ಹೆಸರು ಬರೆಯುವಲ್ಲಿ ನನ್ನ ಲೇಖನಿ ತಡೆಯಿತು.

"ಬರೆಯಿರಿ ಮೇಷ್ಟ್ರೇ," ಎಂದರು ಆಕೆ, "ಮೊದಲು ಅವರ ಹುದ್ದೆ ಬರೆಯಿರಿ. ಆಮೇಲೆ ಹೆಸರು. ಆಮೇಲೆ ರೋಗ."