ಹಿತ್ತಾಳೆ ಬಿಲ್ಲೆಯ ಬೆನ್ನು ಹತ್ತಿ

ದೇವರಗುಡ್ಡ,
ವಿಜಯದಶಮಿ

ಆತ್ಮೀಯರೆ,

ಬನ್ನಿ ತಗೊಂಡು ಬಂಗಾರದಂಗ ಇರೋಣ. ಲಕೋಟೆಯಲ್ಲಿ ನಾಲ್ಕು ಎಲೆ ಇಟ್ಟಿದ್ದೇನೆ. ನಿಮ್ಮ ಕೈ ಸೇರುವಷ್ಟರಲ್ಲಿ ಒಣಗಿರುತ್ತವೆ, ಆದರೂ ಬಂಗಾರವೇ.

ನಿನ್ನೆ ಆಯುಧಪೂಜೆ, ಇಲ್ಲಿ ಮಾಲತೇಶನ ಕಾರಣಿಕ, ಅಂದರೆ ಭವಿಷ್ಯವಾಣಿ. ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದದ್ದೇ ತಡ, ಗುಡ್ಡದ ತುಂಬ ನೆರೆದ ಜನವೆಲ್ಲ ಉಸಿರು ಬಿಗಿಹಿಡಿದರು. ಒಂದು ನುಡಿ ಬಂತು. ಮಳೆಗೋ ಬೆಳೆಗೋ ರಾಜಕಾರಣಕ್ಕೋ ಎಂದು ಅರ್ಥ ಹಚ್ಚುತ್ತ ಮಂದಿ ಚದುರಿದರು. ನನ್ನ ಕಣ್ಣು ಮಾತ್ರ ಆ ಬಿಲ್ಲಿನ ಮೇಲೆಯೇ ಇತ್ತು. ಬಾಣ ಬಿಡುವುದನ್ನು ಬಿಟ್ಟು ಮಾತು ಹೇಳಿಸುವ ಕೆಲಸಕ್ಕೆ ನಿಂತ ಆಯುಧ ಅದು. ಜೇಬಿನಲ್ಲಿ ನಿಮ್ಮ ಪತ್ರವಿತ್ತು.

ರಾಣೆಬೆನ್ನೂರಿನ ಗುಜರಿಯಲ್ಲಿ ಸಿಕ್ಕ ಹಿತ್ತಾಳೆ ಬಿಲ್ಲೆಯ ಮೇಲೆ ಕಾಗದವಿಟ್ಟು, ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದು ಕಳಿಸಿದ್ದೀರಿ. ಇದೇನು, ಇದರ ಬಂದೂಕು ಸಿಕ್ಕರೆ ಇಟ್ಟುಕೊಳ್ಳಬಹುದೇ ಎಂದು ಕೇಳಿದ್ದೀರಿ. ಇಂಥ ಬಿಲ್ಲೆಯನ್ನು ಬ್ರಿಟಿಷ್ ಸೇನೆಯ ರೈಫಲ್ಲಿನ ಮರದ ಹಿಂಬದಿಗೆ, ಬಲಮಗ್ಗುಲಲ್ಲಿ, ಸ್ಕ್ರೂ ಹಾಕಿ ಕೂರಿಸುತ್ತಿದ್ದರು. ಪಲ್ಟನ್ನಿನ ಹೆಸರು, ಬಂದೂಕಿನ ನಂಬರು, ಕೊಟ್ಟ ಕಾಲ ಎಲ್ಲ ಅದರ ಮೇಲೆ. ನಿಮ್ಮ ಅಚ್ಚಿನಲ್ಲಿ ಉಳಿದೆಲ್ಲ ಸವೆದಿದೆ, 97 ಎಂಬ ಎರಡು ಅಂಕಿ ಮಾತ್ರ ಸ್ಪಷ್ಟ. ಅದು 1897 ಆಗಿದ್ದರೆ ವಿಕ್ಟೋರಿಯಾ ರಾಣಿ ಇನ್ನೂ ಬದುಕಿದ್ದ ಕಾಲ. ಬಂದೂಕು 1888ರ ಲೀ-ಮೆಟ್‌ಫರ್ಡ್ ಇರಬೇಕು, ಇಲ್ಲವೇ 1895ರ ಲೀ-ಎನ್‌ಫೀಲ್ಡ್.

ಬೋಲ್ಟ್ ರೈಫಲ್ ಎಂದರೆ ಏನೂ ಗೂಢವಲ್ಲ. ಮನೆಯ ಬಾಗಿಲಿನ ಅಡ್ಡ ಚಿಲಕ ನೆನೆಯಿರಿ. ಹಿಡಿ ಎತ್ತಿ ಹಿಂದಕ್ಕೆಳೆದರೆ ಸುಟ್ಟ ತೋಟಾ ಹೊರಬೀಳುತ್ತದೆ, ಮುಂದಕ್ಕೆ ನೂಕಿದರೆ ಹೊಸದು ನಳಿಗೆ ಸೇರುತ್ತದೆ, ಹಿಡಿ ಬಗ್ಗಿಸಿದರೆ ಬಾಗಿಲು ಭದ್ರ. ಆ ಚಿಲಕ, ಕೆಳಗಿನ ತೋಟಾ ಪೆಟ್ಟಿಗೆ ಎರಡೂ ಜೇಮ್ಸ್ ಪ್ಯಾರಿಸ್ ಲೀ ಎಂಬವನ ಬುದ್ಧಿ. ನಳಿಗೆಯೊಳಗಿನ ಸುರುಳಿ ಗೀರು ವಿಲಿಯಂ ಮೆಟ್‌ಫರ್ಡ್‌ನದು. ಕರಿಮದ್ದಿನ ಮಸಿ ಅಂಟದಿರಲೆಂದು ಅವನು ಗೀರುಗಳನ್ನು ಆಳವಿಲ್ಲದೆ, ಅಂಚು ದುಂಡಗೆ ಮಾಡಿದ್ದ. ಅಷ್ಟರಲ್ಲಿ ಹೊಗೆಯಿಲ್ಲದ ಕಾರ್ಡೈಟ್ ಮದ್ದು ಬಂತು. ಅದರ ಕಾವಿಗೆ ಆ ಮೆತ್ತನೆಯ ಗೀರು ಬೇಗ ಸವೆಯತೊಡಗಿತು. ಆಗ ಎನ್‌ಫೀಲ್ಡ್ ಕಾರ್ಖಾನೆಯವರು ಚೌಕ ಅಂಚಿನ ಐದು ಗೀರು ಕೊರೆದರು, ಹೆಸರೂ ಬದಲಾಯಿತು. ಈ ಮೆಟ್‌ಫರ್ಡ್ 1857ರಲ್ಲಿ ರೈಲ್ವೆ ಎಂಜಿನಿಯರಾಗಿ ನಮ್ಮ ದೇಶಕ್ಕೆ ಬಂದಿದ್ದ. ಬಂದ ವರ್ಷವೇ ಸಿಪಾಯಿ ದಂಗೆ. ಬಿಹಾರದ ಮುಂಗೇರನ್ನು ಕಾಯಲು ನಿಂತು, ಆರೋಗ್ಯ ಕೆಡಿಸಿಕೊಂಡು ತನ್ನ ದೇಶಕ್ಕೆ ಮರಳಿದ.

ಅದೇ 1857ರ ನವೆಂಬರಿನಲ್ಲಿ ನಮ್ಮ ಮುಧೋಳ ಸೀಮೆಯ ಹಲಗಲಿಯಲ್ಲಿ ಏನಾಯಿತೆಂದು ನಿಮಗೆ ಗೊತ್ತು. ಆಯುಧ ಒಪ್ಪಿಸಿರೆಂಬ ಕಾಯಿದೆಗೆ ಬೇಡರು ತಲೆಬಾಗಲಿಲ್ಲ. ಊರಿಗೆ ಬೆಂಕಿ ಬಿತ್ತು, ಹಲವರು ಗಲ್ಲಿಗೇರಿದರು. ಜನ ಕಟ್ಟಿದ ಲಾವಣಿ ಇಲ್ಲದಿದ್ದರೆ ಅವರ ಹೆಸರೂ ಉಳಿಯುತ್ತಿರಲಿಲ್ಲ. ಅತ್ತ ಕೊಡಗಿನವರಿಗೆ ಅದೇ ಬ್ರಿಟಿಷ್ ಸರಕಾರ 1861ರಲ್ಲಿ ವಿನಾಯಿತಿ ಕೊಟ್ಟಿತು. ಅಲ್ಲಿ ಇಂದಿಗೂ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಯ ಬಾಯಿಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜಿಸುತ್ತಾರೆ. ನಿಷ್ಠೆ ತೋರಿದವರಿಗೆ ಕೋವಿ, ತೋರದವರಿಗೆ ಗಲ್ಲು: ಇದನ್ನು ನ್ಯಾಯವೆಂದು ನಾನು ಒಪ್ಪಲಾರೆ.

ಬ್ರಿಟಿಷರು ತಮ್ಮದೇ ಸಿಪಾಯಿಗಳನ್ನಾದರೂ ನಂಬಿದರೇ? ದಂಗೆ ಅಡಗಿದ ಮೇಲೆ ಅವರಿಗೆಂದು ಬಂದ ಎನ್‌ಫೀಲ್ಡ್ ಬಂದೂಕಿನ ನಳಿಗೆಯೊಳಗೆ ಗೀರುಗಳೇ ಇರಲಿಲ್ಲ. ದೂರದ ಗುರಿ ತಪ್ಪಲಿ ಎಂದೇ ನುಣುಪಾಗಿಸಿದ್ದರು. ಬಿಳಿಯರ ಪಲ್ಟನ್ನಿಗೆ ಮಾರ್ಟಿನಿ-ಹೆನ್ರಿ ಬಂದಾಗ ನಮ್ಮವರಿಗೆ ಸ್ನೈಡರ್. ಅವರ ಕೈಗೆ ಲೀ-ಮೆಟ್‌ಫರ್ಡ್ ಬಂದಾಗ ನಮ್ಮವರಿಗೆ ಹಳೆಯ ಮಾರ್ಟಿನಿ. ಯಾವಾಗಲೂ ಒಂದು ಹೆಜ್ಜೆ ಹಿಂದೆ. ಮುಂದೆ ಪೊಲೀಸರಿಗೆಂದು ಇಶಾಪುರ ಕಾರ್ಖಾನೆಯಲ್ಲಿ ಲೀ-ಎನ್‌ಫೀಲ್ಡನ್ನು .410 ಮಸ್ಕೆಟ್ಟಾಗಿ ಬದಲಿಸಿದಾಗಲೂ ತೋಟಾ ಪೆಟ್ಟಿಗೆಯ ಜಾಗಕ್ಕೆ ಮರದ ತುಂಡು ತುರುಕಿ, ಒಂದೊಂದೇ ಗುಂಡು ಹಾರುವಂತೆ ಮಾಡಿದರು. ಹೀಗೆ ನೋಡಿದರೆ ನಿಮ್ಮ 97ರ ಬಿಲ್ಲೆ ಬಹುಶಃ ಬಿಳಿಯ ಸೋಲ್ಜರನ ಬಂದೂಕಿನದು. ಆ ಪುಟ್ಟ ಹಿತ್ತಾಳೆ ಇಷ್ಟೆಲ್ಲ ಹೇಳುತ್ತದೆ, ನೋಡಿ!

ಇನ್ನು ಬಂದೂಕು ಇಟ್ಟುಕೊಳ್ಳುವ ಮಾತು. 1898ರೊಳಗೆ ತಯಾರಾದದ್ದನ್ನು ಅಮೆರಿಕದ ಕೇಂದ್ರ ಕಾನೂನು ಪುರಾತನ ವಸ್ತುವೆಂದು ಎಣಿಸುತ್ತದೆ. ನಮ್ಮಲ್ಲಿ ಹಾಗಿಲ್ಲ. .303 ಸೇನೆಯ ಬೋರು, ಖಾಸಗಿಯವರಿಗೆ ನಿಷೇಧಿತ. 1959ರ ಶಸ್ತ್ರಾಸ್ತ್ರ ಕಾಯಿದೆಯ 45ನೇ ಕಲಮು ಹಳೆಯ ಆಯುಧಗಳ ಪೈಕಿ ಬಿಟ್ಟಿರುವುದು ರಿಪೇರಿ ಮಾಡಿದರೂ ಗುಂಡು ಹಾರದವುಗಳನ್ನು ಮಾತ್ರ. 2019ರ ತಿದ್ದುಪಡಿಯಿಂದ ಸಾಮಾನ್ಯ ಲೈಸೆನ್ಸುದಾರರಿಗೂ ಎರಡೇ ಬಂದೂಕು, ಅಜ್ಜನಿಂದ ಬಂದದ್ದೂ ಆ ಲೆಕ್ಕದಲ್ಲೇ. ಪಾಂಡವರು ಬನ್ನಿಮರದಲ್ಲಿ ಬಚ್ಚಿಟ್ಟಂತೆ ನಾವು ಅಟ್ಟದ ಮೇಲೆ ಬಚ್ಚಿಡುವಂತಿಲ್ಲ. ಈ ಕಟ್ಟುನಿಟ್ಟು ಸರಿಯೆಂದೇ ನನ್ನ ಅಭಿಪ್ರಾಯ.

ಯಾಕೆಂದರೆ ನಳಿಗೆಗೆ ಇನ್ನೊಂದು ತುದಿಯೂ ಇದೆ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಸ್ವಾತಂತ್ರ್ಯ ಹೋರಾಟಗಾರರಾದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಬಿದ್ದರು. ಮಹಾದೇವಪ್ಪ ಗಾಂಧೀಜಿಯ ಜೊತೆ ದಂಡಿಗೆ ನಡೆದವರು. ಈ ಗುಡ್ಡದ ಮಾಲತೇಶನ ಇನ್ನೊಂದು ಹೆಸರಾದ ‘ಮೈಲಾರ’ವೇ ಅವರ ಮನೆತನದ ಹೆಸರು. ಬಂದೂಕಿನ ಕಥೆ ಕೂಡಿಡುವವರು ಈ ಮೂವರ ಹೆಸರನ್ನೂ ಅದೇ ವಹಿಯಲ್ಲಿ ಬರೆಯಬೇಕು.

ಬಂದೂಕು ನೋಡಲೇಬೇಕೆನಿಸಿದರೆ ಮಡಿಕೇರಿಗೆ ಹೋಗಿಬನ್ನಿ. ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ, ಅಲ್ಲಿ ಸೇನೆಯ ಆಯುಧಗಳನ್ನು ಇಟ್ಟಿದ್ದಾರೆ.  ಮನೆಯಲ್ಲಿ ನೀವು ಕೂಡಿಡಬಹುದಾದದ್ದು ಬಿಲ್ಲೆ, ಎಣ್ಣೆ ಬಾಟಲಿ, ತೊಗಲಿನ ಪಟ್ಟಿ, ಹಳೆಯ ಫೋಟೊ, ಪಿಂಚಣಿ ಕಾಗದ. ಇದೇನು ಸಣ್ಣ ಸಂಗ್ರಹವಲ್ಲ.

ಸದ್ಯಕ್ಕೆ ಇಷ್ಟು ಮಾಡಿ. ಬಿಲ್ಲೆಗೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಉಳಿದ ಅಕ್ಷರಗಳೂ ಹೋಗುತ್ತವೆ. ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಓರೆ ಬೆಳಕು ಬಿಟ್ಟು ಇನ್ನೊಂದು ಅಚ್ಚು ತೆಗೆಯಿರಿ. ಗುಜರಿಯವರನ್ನು ಮತ್ತೆ ಕಂಡು, ಇದು ಯಾವ ಊರಿನ ಮೂಟೆಯಲ್ಲಿ ಬಂತೆಂದು ಕೇಳಿ ಬರೆದಿಡಿ. ನಳಿಗೆಯೋ ಬೋಲ್ಟೋ ಅಲ್ಲಿ ಕಂಡರೆ ಮುಟ್ಟದೆ ಠಾಣೆಗೆ ತಿಳಿಸಿ. ಹೊಸ ಅಚ್ಚು ಬೇಗ ಕಳಿಸಿ, ಕಾಯುತ್ತಿರುತ್ತೇನೆ.

ನಿಮ್ಮವ