ಮೇಷ್ಟ್ರಿಗೂ ಹಕ್ಕಿತ್ತು

ಅಕ್ಟೋಬರ್ ಬಂತೆಂದರೆ ನಮ್ಮ ಮೇಷ್ಟ್ರಿಗೆ ಸಿಟ್ಟು. ಸಾಹಿತ್ಯದ ನೊಬೆಲ್ ಯಾರಿಗೋ ಬಂದದ್ದನ್ನು ಪೇಪರಿನಲ್ಲಿ ಓದಿ ನನಗೆ ಫೋನ್ ಮಾಡುತ್ತಾರೆ. "ನಮ್ಮ ಕುವೆಂಪು, ಕಾರಂತರು ಇವರ ಕಣ್ಣಿಗೆ ಬೀಳಲೇ ಇಲ್ವಲ್ಲಯ್ಯಾ! ಎಲ್ಲಾ ರಾಜಕೀಯ." ಎಷ್ಟೋ ವರ್ಷ ನಾನೂ ಹೂಂಗುಟ್ಟಿದ್ದೇನೆ.

ಈ ಸಲ ಕುತೂಹಲಕ್ಕೆ ನಿಯಮಗಳನ್ನು ಓದಿದೆ. ಆಯ್ಕೆ ಮಾಡುವ ಸ್ವೀಡಿಷ್ ಅಕಾಡೆಮಿಯಲ್ಲಿ ಇರುವುದು 18 ಸ್ಥಾನ. ಹಕ್ಕುಳ್ಳ ಯಾರಾದರೂ ಹೆಸರು ಸೂಚಿಸಿ ಬರೆಯಬೇಕು, ಪತ್ರ ಜನವರಿ 31ರೊಳಗೆ ತಲುಪಬೇಕು. ನಮ್ಮ ಹೆಸರನ್ನು ನಾವೇ ಕೊಡುವ ಹಾಗಿಲ್ಲ. ಬಂದ ಹೆಸರುಗಳು ಏಪ್ರಿಲ್ ಹೊತ್ತಿಗೆ ಇಪ್ಪತ್ತರೊಳಗೆ, ಮೇ ತಿಂಗಳಲ್ಲಿ ಐದಕ್ಕೆ ಇಳಿಯುತ್ತವೆ. ಬೇಸಿಗೆಯಿಡೀ ಆ ಐವರ ಪುಸ್ತಕಗಳನ್ನು ಓದಿ, ಅಕ್ಟೋಬರಿನಲ್ಲಿ ಮತ ಹಾಕುತ್ತಾರೆ. ಅರ್ಧಕ್ಕಿಂತ ಹೆಚ್ಚು ಮತ ಬಿದ್ದವರಿಗೆ ಪ್ರಶಸ್ತಿ. ಯಾರು ಯಾರ ಹೆಸರು ಸೂಚಿಸಿದ್ದರು ಅನ್ನುವುದು 50 ವರ್ಷ ಗುಟ್ಟು.

1913ರಲ್ಲಿ ಟಾಗೋರರ ಹೆಸರು ಸೂಚಿಸಿದವರು ಒಬ್ಬರೇ, ಇಂಗ್ಲಿಷ್ ಕವಿ ಥಾಮಸ್ ಸ್ಟರ್ಜ್ ಮೂರ್. ಅದಕ್ಕೆ ಒಂದು ವರ್ಷ ಮೊದಲು, ಟಾಗೋರರೇ ಇಂಗ್ಲಿಷಿಗೆ ತಂದ ಗೀತಾಂಜಲಿ ಲಂಡನ್ನಿನಲ್ಲಿ ಅಚ್ಚಾಗಿತ್ತು.

ಹೆಸರು ಸೂಚಿಸುವ ಹಕ್ಕು ಯಾರಿಗೆಲ್ಲ ಇದೆ ಅಂತ ನೋಡುತ್ತಾ ಹೋದೆ. ಹಿಂದೆ ನೊಬೆಲ್ ಪಡೆದ ಸಾಹಿತಿಗಳು, ಲೇಖಕರ ಸಂಘಗಳ ಅಧ್ಯಕ್ಷರು, ಆಮೇಲೆ ವಿಶ್ವವಿದ್ಯಾಲಯಗಳ ಸಾಹಿತ್ಯದ ಪ್ರೊಫೆಸರುಗಳು. ಯಾವ ದೇಶದವರಾದರೂ ಸರಿ, ಆಹ್ವಾನ ಬರದಿದ್ದರೂ ಸರಿ.

ಮೇಷ್ಟ್ರು ಕನ್ನಡದ ಪ್ರೊಫೆಸರಾಗಿದ್ದಾಗ ಕುವೆಂಪು, ಕಾರಂತ ಇಬ್ಬರೂ ಬದುಕಿದ್ದರು!

ಫೋನ್ ಮಾಡಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ.

"ನನಗೂ ಹಕ್ಕಿತ್ತಾ?"

"ಇತ್ತು ಸರ್."

"ಇರಲಿ, ಬರೆದೇ ಅಂತಿಟ್ಟುಕೋ. ಮಲೆಗಳಲ್ಲಿ ಮದುಮಗಳನ್ನ ಅವರು ಓದೋದು ಯಾವ ಭಾಷೇಲಿ?"

ನನ್ನ ಹತ್ತಿರ ಉತ್ತರವಿರಲಿಲ್ಲ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಇಂಟರ್‌ನ್ಯಾಷನಲ್ ಬುಕರ್ ಬಂದದ್ದನ್ನು ನೆನಪಿಸಿದೆ. ಅಲ್ಲಿ ಪುಸ್ತಕ ಕಳಿಸುವವರು ಪ್ರಕಾಶಕರು. ತೀರ್ಪುಗಾರರು ಓದಿದ್ದು ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದವನ್ನು. 50,000 ಪೌಂಡಿನಲ್ಲಿ ಲೇಖಕಿಗೆ ಅರ್ಧ, ಅನುವಾದಕಿಗೆ ಅರ್ಧ.

"ಸರಿಯಾಗೇ ಹಂಚಿದಾರೆ" ಅಂದರು ಮೇಷ್ಟ್ರು.

ಮೊನ್ನೆ ಮತ್ತೆ ಫೋನ್. ರಾಜಕೀಯದ ಮಾತಿಲ್ಲ. "ನಿನ್ನ ಮಗಳ ಇಂಗ್ಲಿಷ್ ಚೆನ್ನಾಗಿದೆ ಅಂತಿದ್ದೆಯಲ್ಲ, ಕನ್ನಡ ಓದ್ತಾಳಾ?"

"ಮಾತಾಡ್ತಾಳೆ ಸರ್" ಅಂದೆ. ಓದಲ್ಲ ಅನ್ನಲು ಬಾಯಿ ಬರಲಿಲ್ಲ.